ಛಾಯಾಗ್ರಹಣವೆಂಬ ಜೀವನೋಪಾಯ

ಛಾಯಾಚಿತ್ರ ತೆಗೆಯಲಾರದವರು ಇಂದು ಯಾರಿದ್ದಾರೆ? ಅಂಗೈಯೊಳಗಿನ ಮೊಬೈಲನ್ನು ಎತ್ತಿ ಹಿಡಿದು ಬೆರಳು ಸೋಕಿಸಿದರೆ ಸಾಕು. ಮಸೂರವನ್ನು ಹೊಂದಿಸುವುದು, ಬೆಳಕನ್ನು ಅಳೆಯುವುದು, ಬಣ್ಣವನ್ನು ತಿದ್ದುವುದು ಎಲ್ಲವೂ ಕ್ಷಣಾರ್ಧದಲ್ಲಿ ತಾವಾಗಿಯೇ ನಡೆದುಹೋಗುವುವು. ಇಂತಹ ಕಾಲದಲ್ಲಿ ಛಾಯಾಗ್ರಹಣವನ್ನೇ ನೆಚ್ಚಿ ಬದುಕಬಹುದೇ ಎಂದು ನಮ್ಮ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಪ್ರಶ್ನೆ ಹುಡುಗಾಟದ್ದಲ್ಲ. ಸಾಲ ಮಾಡಿ ಕ್ಯಾಮೆರಾ ಕೊಂಡು, ಓದನ್ನು ಅರ್ಧಕ್ಕೆ ಬಿಟ್ಟು, ಎರಡು ವರ್ಷ ಲಗ್ನದ ಮನೆಗಳಲ್ಲಿ ದುಡಿದು, ಮೂರನೆಯ ವರ್ಷ ಕೈಕಟ್ಟಿ ಕುಳಿತ ತರುಣರನ್ನು ನಾವು ಬಲ್ಲೆವು. ಬಾಗಿಲು ಮುಚ್ಚಿದ ಸ್ಟುಡಿಯೊಗಳು ನಮ್ಮ ಊರುಗಳ ಪೇಟೆಬೀದಿಗಳಲ್ಲಿ ಎಷ್ಟೋ ಇವೆ. ಆದರೂ ಇದೇ ಕಸುಬಿನಲ್ಲಿ ಮೂವತ್ತು ನಲವತ್ತು ವರ್ಷ ಗೌರವದಿಂದ ಬಾಳಿದವರೂ ಇದ್ದಾರೆ. ಅವರನ್ನು ಉಳಿಸಿದುದು ಯಾವುದು?

ಕಲಾದೃಷ್ಟಿ ಎಂದು ಕೆಲವರು ಹೇಳುವರು; ಅದೃಷ್ಟ ಎಂದು ಹಲವರು; ಬೆಲೆಬಾಳುವ ಕ್ಯಾಮೆರಾ ಎಂದು ಅಂಗಡಿಯವರು. ಕಲೆಯ ವಿಚಾರವನ್ನು ಅದನ್ನು ಬಲ್ಲವರಿಗೇ ಬಿಡೋಣ. ಭೌತವಿಜ್ಞಾನದ ಪಾಠ ಹೇಳುವ ನಮಗೆ ಕಾಣುವುದು ಇನ್ನೊಂದು ಸಂಗತಿ. ಹವ್ಯಾಸಿಗೆ ಒಮ್ಮೊಮ್ಮೆ ಒಳ್ಳೆಯ ಚಿತ್ರ ಒದಗಿಬರುವುದು. ವೃತ್ತಿಗನಾದರೋ ಒಳ್ಳೆಯ ಚಿತ್ರವನ್ನು ಕೊಡುವೆನೆಂದು ಮೊದಲೇ ಮಾತು ಕೊಟ್ಟು, ಹೇಳಿದ ದಿನ, ಹೇಳಿದ ಸ್ಥಳದಲ್ಲಿ, ಅಲ್ಲಿ ಎಂತಹ ಬೆಳಕಿದೆಯೋ ಅದರಲ್ಲಿಯೇ ತೆಗೆದು ಕೊಡಬೇಕು. ಹೀಗೆ ಮಾತು ಕೊಡಬೇಕಾದರೆ, ಈ ಕೆಲಸ ಮಾಡಿದರೆ ಈ ಫಲ ಬರುವುದೆಂಬ ಕಾರ್ಯಕಾರಣ ಸಂಬಂಧ ಅವನಿಗೆ ಮನಗಂಡಿರಬೇಕು. ಕ್ಯಾಮೆರಾಗಳು ಬದಲಾಗುತ್ತವೆ, ಬೆಳಕು ಬದಲಾಗುವುದಿಲ್ಲ. ಬೆಳಕಿನ ನಿಯಮಗಳನ್ನು ಕಲಿತವನು ಹಳೆಯ ಉಪಕರಣವನ್ನು ಕೆಳಗಿಟ್ಟು ಹೊಸದನ್ನು ಎತ್ತಿಕೊಳ್ಳಬಲ್ಲ. ಉಪಕರಣದ ಗುಂಡಿಗಳನ್ನು ಮಾತ್ರ ಕಲಿತವನು ಅದರೊಡನೆಯೇ ಮೂಲೆ ಸೇರುವನು.

ಎಲ್ಲರ ಕೈಗೂ ಕ್ಯಾಮೆರಾ ಬಂದಿತಲ್ಲ, ಇನ್ನು ವೃತ್ತಿಗನ ಗತಿಯೇನು ಎಂಬ ಅಂಜಿಕೆ ನಮ್ಮ ಕಾಲದ್ದೇನೂ ಅಲ್ಲ. ಅಮೆರಿಕದ ಜಾರ್ಜ್ ಈಸ್ಟ್‌ಮನ್ನನು 1888ರಲ್ಲಿ ಕೊಡಕ್ ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದನು. ಅದರೊಳಗೆ 100 ಚಿತ್ರಗಳಿಗೆ ಸಾಲುವಷ್ಟು ಸುರುಳಿ ಇರುತ್ತಿದ್ದಿತು. ಚಿತ್ರಗಳನ್ನೆಲ್ಲ ತೆಗೆದಾದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ, ಮುದ್ರಿತ ಚಿತ್ರಗಳೂ ಹೊಸ ಸುರುಳಿ ತುಂಬಿದ ಪೆಟ್ಟಿಗೆಯೂ ಹಿಂದಿರುಗಿ ಬರುತ್ತಿದ್ದುವು. ಗುಂಡಿ ಒತ್ತುವುದಷ್ಟೇ ಕೊಂಡವನ ಕೆಲಸ. ಅಲ್ಲಿಯವರೆಗೆ ಅರ್ಧ ರಸಾಯನಜ್ಞನೇ ಆಗಿದ್ದ ಛಾಯಾಗ್ರಾಹಕನ ಬದುಕಿಗೆ ಇದು ಕುತ್ತಾಗಬೇಕಾಗಿದ್ದಿತು. ಆದರೆ ನಮ್ಮ ದೇಶದ ಬಹು ದೊಡ್ಡ ಛಾಯಾಚಿತ್ರ ಸಂಸ್ಥೆಯೊಂದು ಏಳಿಗೆಯ ತುದಿ ಮುಟ್ಟಿದುದು ಅದರ ಮುಂದಿನ ದಶಕದಲ್ಲಿಯೇ. ಅದನ್ನು ಕಟ್ಟಿದವರು ರಾಜಾ ದೀನ್ ದಯಾಳರು. ಅವರ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು.

ದೀನ್ ದಯಾಳರು ಹುಟ್ಟಿದುದು 1844ರಲ್ಲಿ, ಮೀರತ್ತಿಗೆ ಸಮೀಪದ ಸರ್ಧಾನಾ ಎಂಬ ಊರಿನಲ್ಲಿ, ಜೈನ ಮನೆತನವೊಂದರಲ್ಲಿ. ರೂರ್ಕಿಯ ಥಾಮಸನ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿ ತಯಾರಿಸುವ ಮತ್ತು ನಕಾಶೆ ಬರೆಯುವ ಕೆಲಸಕ್ಕೆ ಸೇರಿದರು. ಛಾಯಾಗ್ರಹಣಕ್ಕೆ ಕೈಹಾಕಿದುದು 1874ರ ಸುಮಾರಿಗೆ, ಮೂವತ್ತನೆಯ ವಯಸ್ಸಿನಲ್ಲಿ. ಇಂದೂರಿನ ಮಹಾರಾಜರೂ, ಮಧ್ಯಭಾರತದಲ್ಲಿ ಗವರ್ನರ್ ಜನರಲ್ಲರ ಪ್ರತಿನಿಧಿಯಾಗಿದ್ದ ಸರ್ ಹೆನ್ರಿ ಡೇಲಿಯೂ ಪ್ರೋತ್ಸಾಹ ಕೊಟ್ಟರು. ಆದರೂ ಅವರು ಆತುರಪಟ್ಟು ನೌಕರಿ ಬಿಡಲಿಲ್ಲವೆಂಬುದನ್ನು ನಮ್ಮ ತರುಣ ವಾಚಕರು ಗಮನಿಸಬೇಕು. ಹತ್ತು ವರ್ಷಕ್ಕೂ ಮಿಕ್ಕು ಸರ್ಕಾರಿ ಕೆಲಸದಲ್ಲಿಯೇ ಇದ್ದು, ಸರ್ ಲೆಪೆಲ್ ಗ್ರಿಫಿನ್ನನ ಜೊತೆಯಲ್ಲಿ ಬುಂದೇಲಖಂಡವನ್ನು ಸುತ್ತಿ ಪುರಾತನ ಕಟ್ಟಡಗಳ ಚಿತ್ರಗಳನ್ನು ತೆಗೆದರು. ಮಧ್ಯಭಾರತದ ಪ್ರಸಿದ್ಧ ಸ್ಮಾರಕಗಳನ್ನು ಕುರಿತ ಆ ಸಂಪುಟ 1886ರಲ್ಲಿ ಹೊರಬಂದಿತು. ಆ ವೇಳೆಗೆ ಹೈದರಾಬಾದಿನ ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರ ಪದವಿ ಅವರಿಗೆ ದೊರೆತಿದ್ದಿತು. ಕಲಬುರಗಿ, ಬೀದರ, ರಾಯಚೂರುಗಳೂ ಸೇರಿದ್ದ ವಿಶಾಲ ಸಂಸ್ಥಾನ ಅದು. ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದು, 1896ರಲ್ಲಿ ಮುಂಬಯಿಯಲ್ಲಿಯೂ ಒಂದನ್ನು ಸ್ಥಾಪಿಸಿದರು. 1905ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ವೃತ್ತಿಯಲ್ಲಿಯೇ ಇದ್ದರು.

ಅವರು ಕಲಿಯತೊಡಗಿದ ಕಾಲಕ್ಕೆ ರೂಢಿಯಲ್ಲಿದ್ದುದು ಫ್ರೆಡರಿಕ್ ಸ್ಕಾಟ್ ಆರ್ಚರನು 1851ರಲ್ಲಿ ಪ್ರಕಟಿಸಿದ ಹಸಿ ಫಲಕದ ಕ್ರಮ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಡಿ, ಕತ್ತಲೆಯಲ್ಲಿ ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಕ್ಯಾಮೆರಾದೊಳಗಿಟ್ಟು ಬೆಳಕಿಗೆ ತೆರೆದು, ಆರುವುದರೊಳಗೆ ಸಂಸ್ಕರಿಸಬೇಕು. ಒಟ್ಟಿನಲ್ಲಿ ಹತ್ತು ಹದಿನೈದು ನಿಮಿಷಗಳ ಅವಕಾಶ. ಬೆಟ್ಟದ ಮೇಲಿನ ದೇಗುಲದ ಚಿತ್ರ ಬೇಕಾದರೆ ಕತ್ತಲೆಯ ಡೇರೆಯೂ ಸೀಸೆಗಳೂ ನೀರೂ ಬೆಟ್ಟ ಹತ್ತಬೇಕು. ನಮ್ಮ ಬೇಸಗೆಯಲ್ಲಿ ಆ ಹದಿನೈದು ನಿಮಿಷ ಹತ್ತಾಗುವುದು, ಎಂಟಾಗುವುದು. ಮುಂದೆ ಜೆಲಟಿನ್ ಲೇಪದ ಒಣ ಫಲಕಗಳು ಬಂದಾಗ ಹಸಿ ಫಲಕದ ಕೈಚಳಕಕ್ಕೆ ಬೆಲೆಯಿಲ್ಲದಂತಾಯಿತು. ಅದನ್ನಷ್ಟೇ ಬಲ್ಲವರು ಹಿಂದೆ ಬಿದ್ದರು. ದೀನ್ ದಯಾಳರು ಬೀಳಲಿಲ್ಲ.

ಇದಕ್ಕೆ ನಕಾಶೆಗಾರನ ಶಿಕ್ಷಣವೂ ಒಂದು ಕಾರಣವೆಂದು ನಮ್ಮ ಊಹೆ. ಅವರ ಕಟ್ಟಡ ಚಿತ್ರಗಳಲ್ಲಿ ಕಂಬಗಳೂ ಗೋಡೆಗಳೂ ನೆಟ್ಟಗೆ ನಿಂತಿರುವುದನ್ನು ನೋಡಿ. ಕೈಯೊಳಗಿನ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿ ಗೋಪುರದ ಚಿತ್ರ ತೆಗೆದವರಿಗೆ ಗೋಪುರ ಹಿಂದಕ್ಕೆ ವಾಲಿ, ತುದಿ ಕಿರಿದಾಗಿ ಕಾಣುವ ಅನುಭವ ಇದ್ದೇ ಇರುವುದು. ಕಾರಣ ಸರಳ. ಪ್ರತಿಬಿಂಬದ ಗಾತ್ರ ವಸ್ತುವಿನ ದೂರವನ್ನು ಅವಲಂಬಿಸುವುದು. ಆ ದೂರವನ್ನು ಮಸೂರದ ಅಕ್ಷದ ಗುಂಟ ಅಳೆಯಬೇಕು. ಕ್ಯಾಮೆರಾ ಓರೆಯಾದರೆ ಗೋಪುರದ ತುದಿ ಅಕ್ಷದ ಗುಂಟ ಬುಡಕ್ಕಿಂತ ದೂರವಾಗುವುದು. ಆದುದರಿಂದ ತುದಿಯ ಪ್ರತಿಬಿಂಬ ಕಿರಿದು. ಫಲಕವನ್ನು ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿದರೆ ಗೋಡೆಯ ಪ್ರತಿ ಬಿಂದುವೂ ಅಕ್ಷದ ಗುಂಟ ಒಂದೇ ದೂರದಲ್ಲಿರುವುದು, ಗೆರೆಗಳು ಕೂಡುವುದಿಲ್ಲ. ಹಾಗಾದರೆ ಗೋಪುರದ ತುದಿ ಚಿತ್ರದೊಳಗೆ ಬರುವುದು ಹೇಗೆ? ಆ ಕಾಲದ ದೊಡ್ಡ ಕ್ಯಾಮೆರಾಗಳಲ್ಲಿ ಫಲಕವನ್ನು ಅಲುಗಿಸದೆ ಮಸೂರವನ್ನು ಮಾತ್ರ ಮೇಲಕ್ಕೆ ಸರಿಸುವ ಏರ್ಪಾಡಿದ್ದಿತು. ಇಂದಿಗೂ ಕಟ್ಟಡಗಳ ಚಿತ್ರ ತೆಗೆಯುವವರು ಇದೇ ತತ್ತ್ವದ ವಿಶೇಷ ಮಸೂರಗಳನ್ನು ಬಳಸುವರು. ಗಣಕದಲ್ಲಿ ಆಮೇಲೆ ತಿದ್ದಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ತಿದ್ದಬಹುದು ನಿಜ, ಆದರೆ ತುದಿಯನ್ನು ಹಿಗ್ಗಿಸಿದಷ್ಟೂ ಅಲ್ಲಿನ ಸೂಕ್ಷ್ಮ ವಿವರ ತೆಳುವಾಗುವುದು, ಅಂಚುಗಳಲ್ಲಿ ಚಿತ್ರದ ಭಾಗ ಕತ್ತರಿಸಿ ಹೋಗುವುದು.

ತಂತ್ರಜ್ಞಾನವೊಂದೇ ಅವರನ್ನು ಬಾಳಿಸಿತೆಂದರೆ ಅರ್ಧಸತ್ಯವಾದೀತು. ಗೋಷಾ ಪದ್ಧತಿಯಿದ್ದ ಮನೆತನಗಳ ಹೆಂಗಸರು ಪುರುಷನಾದ ಛಾಯಾಗ್ರಾಹಕನ ಮುಂದೆ ಕುಳಿತುಕೊಳ್ಳುವಂತಿರಲಿಲ್ಲ. ದೀನ್ ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಅವರಿಗೆಂದೇ ಪ್ರತ್ಯೇಕ ಸ್ಟುಡಿಯೊ ತೆರೆದು, ಅದರ ಆಡಳಿತವನ್ನು ಆಂಗ್ಲ ಮಹಿಳೆಯೊಬ್ಬರಿಗೆ ಒಪ್ಪಿಸಿದರು. ಕೊಡಕ್ ಪೆಟ್ಟಿಗೆ ಬಂದು ನಾಲ್ಕು ವರ್ಷವಾಗಿದ್ದಿತು. ಗುಂಡಿ ಒತ್ತುವ ಪೆಟ್ಟಿಗೆ ಏನನ್ನು ಕೊಡಲಾರದೋ ಅದನ್ನು, ಎಂದರೆ ಮರ್ಯಾದೆಯ ಭರವಸೆಯನ್ನು, ಅವರು ಕೊಟ್ಟರು. 1894ರಲ್ಲಿ ನಿಜಾಮರು ಕೊಟ್ಟ ಬಿರುದಿಗಿಂತ ಈ ಸ್ಟುಡಿಯೊ ನಮಗೆ ದೊಡ್ಡದಾಗಿ ಕಾಣುತ್ತದೆ.

ರಾಜಾಶ್ರಯವಿದ್ದವರ ಮಾತು ಹಾಗಿರಲಿ, ಇಲ್ಲದವರ ಪಾಡೇನು ಎಂದು ಕೇಳಬಹುದು. ಹೋಮಾಯಿ ವ್ಯಾರಾವಾಲಾ ಅವರನ್ನು ನೋಡೋಣ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಭಾರತದ ಮೊತ್ತಮೊದಲ ಪತ್ರಿಕಾ ಛಾಯಾಗ್ರಾಹಕಿ ಎನಿಸಿಕೊಂಡವರು ಇವರು. ಆರಂಭದಲ್ಲಿ ಇವರ ಚಿತ್ರಗಳು ಪತಿಯ ಹೆಸರಿನಲ್ಲಿ ಅಚ್ಚಾಗಬೇಕಾಗಿದ್ದಿತು. 1942ರಲ್ಲಿ ದೆಹಲಿಗೆ ಹೋದ ಮೇಲೆ ಸ್ವಾತಂತ್ರ್ಯದ ಆಗಮನ, ಗಾಂಧೀಜಿಯವರ ಅಂತ್ಯಯಾತ್ರೆ, ನೆಹರೂ ಯುಗದ ಸಭೆ ಸಮಾರಂಭಗಳು, ಇವೆಲ್ಲವನ್ನೂ ಚಿತ್ರಿಸಿದರು. 1970ರಲ್ಲಿ ತಾವಾಗಿಯೇ ಕ್ಯಾಮೆರಾ ಕೆಳಗಿಟ್ಟರು, 2011ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು, 2012ರಲ್ಲಿ ತೀರಿಕೊಂಡರು. ಸೀರೆಯುಟ್ಟು, ಸ್ಪೀಡ್ ಗ್ರಾಫಿಕ್ ಎಂಬ ಭಾರವಾದ ಕ್ಯಾಮೆರಾವನ್ನು ಹೊತ್ತು, ಗಂಡಸರ ನೂಕುನುಗ್ಗಲಿನಲ್ಲಿ ಇವರು ಮಾಡುತ್ತಿದ್ದ ಕೆಲಸದಲ್ಲಿ ನಮ್ಮ ಪಾಠಕ್ಕೆ ಬೇಕಾದುದೊಂದು ಅಡಗಿದೆ.

ಆ ಕ್ಯಾಮೆರಾದೊಡನೆ ಬಳಸುತ್ತಿದ್ದುದು ಮಿಂಚುಬಲ್ಬು. ಒಂದು ಬಲ್ಬು ಒಂದೇ ಸಲ ಉರಿದು ಮುಗಿಯುವುದು. ಮುಂದಿನ ಚಿತ್ರಕ್ಕೆ ಬಿಸಿ ಬಲ್ಬನ್ನು ಕಿತ್ತು ಹೊಸದನ್ನು ಸಿಕ್ಕಿಸಬೇಕು. ಫಲವನ್ನು ಆಗಲೇ ನೋಡುವಂತಿಲ್ಲ. ಪರದೇಶದ ಅತಿಥಿ ಕೈಕುಲುಕುವುದು ಒಂದೇ ಸಲ. ಹೀಗಿರುವಾಗ ಬೆಳಕುಗಂಡಿಯನ್ನು ಎಷ್ಟು ತೆರೆಯಬೇಕೆಂದು ತಿಳಿಯುವುದು ಹೇಗೆ? ಬಿಂದುವಿನಂತಹ ದೀಪದಿಂದ ಬೀಳುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುವುದೆಂದು ಪ್ರೌಢಶಾಲೆಯಲ್ಲಿಯೇ ಓದಿದ್ದೇವೆ. ಬೆಳಕುಗಂಡಿಯ ಎಫ್ ಸಂಖ್ಯೆ ಎಂದರೆ ಮಸೂರದ ಸಂಗಮದೂರವನ್ನು ಗಂಡಿಯ ವ್ಯಾಸದಿಂದ ಭಾಗಿಸಿದ ಲಬ್ಧ. ಒಳಕ್ಕೆ ಬರುವ ಬೆಳಕು ಆ ಸಂಖ್ಯೆಯ ವರ್ಗಕ್ಕೆ ವಿಲೋಮ. ಎರಡೂ ವರ್ಗಗಳೇ ಆದುದರಿಂದ, ದೂರವನ್ನು ಎಫ್ ಸಂಖ್ಯೆಯಿಂದ ಗುಣಿಸಿದರೆ ಬರುವ ಗುಣಲಬ್ಧ ಒಂದೇ ಆಗಿದ್ದರೆ ಫಿಲ್ಮಿಗೆ ತಗಲುವ ಬೆಳಕೂ ಒಂದೇ ಆಗಿರುವುದು. ಈ ಗುಣಲಬ್ಧಕ್ಕೆ ಮಾರ್ಗಸಂಖ್ಯೆ ಎನ್ನೋಣ. ಒಂದು ದೀಪದ ಮಾರ್ಗಸಂಖ್ಯೆ ಮೀಟರುಗಳಲ್ಲಿ 32 ಎಂದಿಟ್ಟುಕೊಂಡರೆ, 2 ಮೀಟರಿಗೆ ಎಫ್/16, 4 ಮೀಟರಿಗೆ ಎಫ್/8, 8 ಮೀಟರಿಗೆ ಎಫ್/4. ದೂರವನ್ನು ಕಣ್ಣಂದಾಜಿನಿಂದ ಹೇಳಬಲ್ಲವನಿಗೆ ಇಷ್ಟೇ ಸಾಕು. ಬಿಳಿಯ ಗೋಡೆಗಳ ಚಿಕ್ಕ ಕೋಣೆಯಲ್ಲಿ ಮರುಬೆಳಕು ಸೇರುವುದರಿಂದ ಗಂಡಿಯನ್ನು ಕೊಂಚ ಕಿರಿದು ಮಾಡಬೇಕು. ಬಯಲಿನ ರಾತ್ರಿಯಲ್ಲಿ ಕೊಂಚ ಹಿರಿದು. ನಮ್ಮ ಪ್ರಯೋಗಶಾಲೆಯಲ್ಲಿ ಜಿಡ್ಡುಚುಕ್ಕೆಯ ಪ್ರಕಾಶಮಾಪಕವನ್ನು ಮುಂದಿಟ್ಟುಕೊಂಡು ಆಕಳಿಸುವ ವಿದ್ಯಾರ್ಥಿಗಳು, ಅನ್ನ ಕೊಡುವ ನಿಯಮವೊಂದನ್ನು ಅಲ್ಲಿ ಅಳೆಯುತ್ತಿದ್ದೇವೆಂದು ಅರಿತರೆ ಪ್ರಾಯಶಃ ಆಕಳಿಕೆ ಕಡಿಮೆಯಾದೀತು.

ಅಳೆಯುವ ಉಪಕರಣವೇ ಕೈಗೆ ಸಿಕ್ಕದಾಗ ಜ್ಞಾನ ಹೇಗೆ ಕೆಲಸಕ್ಕೆ ಬರುವುದೆಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಅಮೆರಿಕದ ಆನ್ಸೆಲ್ ಆಡಮ್ಸ್ ಅವರದು. 1902ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡ ಇವರು ಪರ್ವತಗಳ, ಕಣಿವೆಗಳ ಕಪ್ಪು ಬಿಳುಪು ಚಿತ್ರಗಳಿಗೆ ಪ್ರಸಿದ್ಧರು. 1941ರ ಶರತ್ಕಾಲದ ಒಂದು ಸಂಜೆ ನ್ಯೂ ಮೆಕ್ಸಿಕೊ ಪ್ರಾಂತದ ಹೆರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಬರುತ್ತಿದ್ದಾಗ, ಮೂಡಲಲ್ಲಿ ಚಂದ್ರನು ಏರಿದ್ದನು. ಪಡುವಣದ ಕೊನೆಯ ಬಿಸಿಲಿನಲ್ಲಿ ಗೋರಿಗಳ ಮೇಲಿನ ಶಿಲುಬೆಗಳು ಬೆಳಗುತ್ತಿದ್ದುವು. ಕಾರು ನಿಲ್ಲಿಸಿ 8 ಅಂಗುಲ 10 ಅಂಗುಲದ ದೊಡ್ಡ ಕ್ಯಾಮೆರಾವನ್ನು ಅವಸರದಿಂದ ಹೂಡಿದರು. ಬೆಳಕುಮಾಪಕ ಸಿಕ್ಕಲಿಲ್ಲ. ಆಗ ಅವರಿಗೆ ನೆನಪಾದುದು ಚಂದ್ರನ ಹೊಳಪು: ಚದರ ಅಡಿಗೆ 250 ಕ್ಯಾಂಡಲ್.

ಮುಂದಿನ ಲೆಕ್ಕವನ್ನು ವಾಚಕರೂ ನಮ್ಮೊಡನೆ ಮಾಡಲಿ. ಫಿಲ್ಮಿನ ವೇಗ 64. ಅದರ ವರ್ಗಮೂಲ 8. ಬೆಳಕುಗಂಡಿ ಎಫ್/8 ಇದ್ದಾಗ, ಚದರ ಅಡಿಗೆ ಎಷ್ಟು ಕ್ಯಾಂಡಲ್ ಹೊಳಪಿದೆಯೋ ಸೆಕೆಂಡಿನ ಅಷ್ಟನೆಯ ಒಂದು ಭಾಗ ಕವಾಟ ತೆರೆದರೆ ಆ ವಸ್ತು ಚಿತ್ರದಲ್ಲಿ ನಡುಬೂದಿ ಬಣ್ಣವಾಗಿ ಬರುವುದು. ಚಂದ್ರನು ಬೂದಿಯಾಗಬಾರದು, ಅದಕ್ಕಿಂತ ಎರಡು ಮೆಟ್ಟಿಲು, ಎಂದರೆ ನಾಲ್ಕು ಪಟ್ಟು, ಬೆಳ್ಳಗಿರಬೇಕು. 250ನ್ನು 4ರಿಂದ ಭಾಗಿಸಿದರೆ ಸುಮಾರು 60. ಆದುದರಿಂದ ಎಫ್/8ರಲ್ಲಿ ಸೆಕೆಂಡಿನ 60ನೆಯ ಒಂದು ಭಾಗ. ಆಕಾಶವನ್ನು ಕಪ್ಪಾಗಿಸಲು ಹಾಕಿದ್ದ ಹಳದಿ ಶೋಧಕ ಬೆಳಕಿನ ಮೂರನೆಯ ಒಂದು ಭಾಗವನ್ನು ಮಾತ್ರ ಬಿಡುವುದರಿಂದ ಕಾಲವನ್ನು ಮೂರು ಪಟ್ಟು ಮಾಡಿದರೆ 20ನೆಯ ಒಂದು ಭಾಗ. ಹತ್ತಿರದ ಪೊದೆಯಿಂದ ದೂರದ ಬೆಟ್ಟದವರೆಗೂ ಸ್ಪಷ್ಟವಾಗಿರಬೇಕೆಂದು ಗಂಡಿಯನ್ನು ಎಫ್/32ಕ್ಕೆ ಕಿರಿದು ಮಾಡಿದಾಗ ವ್ಯಾಸ ಕಾಲು ಪಾಲಾಗಿ, ಕ್ಷೇತ್ರ ಹದಿನಾರನೆಯ ಒಂದು ಪಾಲಾಯಿತು. 16ನ್ನು 20ರಿಂದ ಭಾಗಿಸಿದರೆ ಐದರಲ್ಲಿ ನಾಲ್ಕು ಸೆಕೆಂಡು. ಆಡಮ್ಸ್ ಕೊಟ್ಟುದು ಒಂದು ಸೆಕೆಂಡು. ಎರಡನೆಯ ಚಿತ್ರಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿದ್ದಿತು. ಆ ಒಂದೇ ಋಣಪ್ರತಿಯಿಂದ ಅವರು ಜೀವಮಾನದಲ್ಲಿ 1,300ಕ್ಕೂ ಹೆಚ್ಚು ಪ್ರತಿಗಳನ್ನು ಮುದ್ರಿಸಿದರು. ಮುನ್ನೆಲೆ ತೆಳುವಾಗಿ ಬಂದಿದ್ದುದರಿಂದ ಮುದ್ರಣ ಬಹು ಕಷ್ಟದ್ದಾಗಿದ್ದಿತು. 1948ರಲ್ಲಿ ಆ ಭಾಗವನ್ನು ರಾಸಾಯನಿಕವಾಗಿ ದಟ್ಟಗೊಳಿಸಿಕೊಂಡರು.

ಇಷ್ಟು ಜಾಗರೂಕರಾದ ಆಡಮ್ಸ್ ಆ ಚಿತ್ರದ ತಾರೀಕನ್ನು ಬರೆದಿಡಲಿಲ್ಲವೆಂಬುದು ಸೋಜಿಗ. ಒಂದೊಂದು ಸಲ ಒಂದೊಂದು ವರ್ಷ ಹೇಳುತ್ತಿದ್ದರು. ಕೊನೆಗೆ ಖಗೋಳಶಾಸ್ತ್ರ ಬಲ್ಲವರೇ ಚಿತ್ರದೊಳಗಿನ ಚಂದ್ರನ ಎತ್ತರ, ದಿಕ್ಕು, ಕಲೆ ಇವುಗಳನ್ನು ಅಳೆದು ಲೆಕ್ಕ ಹಾಕಬೇಕಾಯಿತು. 1991ರಲ್ಲಿ ಡೆನಿಸ್ ಡಿ ಚಿಕೊ ಎಂಬವರು ಕಂಡುಹಿಡಿದ ಉತ್ತರ: 1941ನೆಯ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ.

ಆಡಮ್ಸ್ ಅವರಂತಹ ಕಲಾವಿದರು ಪರ್ವತಗಳ ಚಿತ್ರ ಮಾರಿಯೇ ಬದುಕಿದರೆಂದು ತರುಣರು ಭಾವಿಸುವುದುಂಟು. ಹಾಗೇನಿಲ್ಲ. ಅವರ ಮನೆ ನಡೆದುದು ದಶಕಗಳ ಕಾಲ ಜಾಹೀರಾತಿನ ಚಿತ್ರಗಳಿಂದ, ಯೊಸೆಮಿಟಿ ಕಣಿವೆಯ ಪ್ರವಾಸ ಸಂಸ್ಥೆಯ ಕೆಲಸದಿಂದ, ಪತ್ರಿಕೆಗಳ ಬೇಡಿಕೆಯಿಂದ, ಬೋಧನೆಯಿಂದ, ಪುಸ್ತಕಗಳಿಂದ, ಪೊಲರಾಯ್ಡ್ ಸಂಸ್ಥೆಗೆ ಕೊಡುತ್ತಿದ್ದ ತಾಂತ್ರಿಕ ಸಲಹೆಯಿಂದ. ಕೂಳಿನ ಕೆಲಸವನ್ನು ಅವರು ಕೀಳೆಂದು ಬಗೆಯಲಿಲ್ಲ. ನಮ್ಮಲ್ಲಿ ಮದುವೆಯ ಚಿತ್ರ ತೆಗೆಯುವವನನ್ನು ಕಂಡರೆ ಕಲಾಭಿಮಾನಿಗಳಿಗೆ ತಾತ್ಸಾರ. ಉರಿಯುವ ಹೋಮದ ಮುಂದೆ, ಕಪ್ಪು ಕೋಟಿನ ವರನನ್ನೂ ಜರತಾರಿ ಸೀರೆಯ ವಧುವನ್ನೂ ಒಂದೇ ಚೌಕಟ್ಟಿನಲ್ಲಿ, ಎರಡರ ವಿವರವೂ ಕೆಡದಂತೆ ಹಿಡಿಯುವುದು ಎಷ್ಟು ಕಠಿಣವಾದ ಬೆಳಕಿನ ಸಮಸ್ಯೆ ಎಂಬುದನ್ನು ಅವರು ಒಮ್ಮೆ ಪ್ರಯತ್ನಿಸಿ ನೋಡಲಿ.

ಈಗ ನಮ್ಮ ಕಾಲಕ್ಕೆ ಬರೋಣ. 1969ರಲ್ಲಿ ಬೆಲ್ ಪ್ರಯೋಗಶಾಲೆಯ ಬಾಯ್ಲ್ ಮತ್ತು ಸ್ಮಿತ್ ಎಂಬವರು ಬೆಳಕನ್ನು ವಿದ್ಯುದಾವೇಶವಾಗಿ ಹಿಡಿದಿಡುವ ಅರೆವಾಹಕ ಸಾಧನವನ್ನು ಕಲ್ಪಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. 1975ರಲ್ಲಿ ಕೊಡಕ್ ಸಂಸ್ಥೆಯಲ್ಲಿಯೇ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರು ಫಿಲ್ಮಿಲ್ಲದ ಕ್ಯಾಮೆರಾವನ್ನು ಕಟ್ಟಿದರು. ಅದೇ ಕೊಡಕ್ ಸಂಸ್ಥೆ 2012ರಲ್ಲಿ ದಿವಾಳಿಯ ರಕ್ಷಣೆ ಬೇಡಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಫಿಲ್ಮು ತೊಳೆಯುವುದನ್ನೇ ನೆಚ್ಚಿದ್ದ ಸಾವಿರಾರು ಅಂಗಡಿಗಳ ಕಥೆಯೂ ಹಾಗೆಯೇ. ಬೆಳಕನ್ನು ಬಲ್ಲವನಿಗೆ ಮಾತ್ರ ಹೊಸ ಸಾಧನದಲ್ಲಿ ಹಳೆಯ ಗೆಳೆಯನೇ ಕಂಡನು.

ಉದಾಹರಣೆಗೆ, ಮಬ್ಬಿನಲ್ಲಿ ತೆಗೆದ ಮೊಬೈಲಿನ ಚಿತ್ರ ಏಕೆ ಹುಡಿ ಹುಡಿಯಾಗಿ ಕಾಣುವುದು? ಬೆಳಕು ಬರುವುದು ಫೋಟಾನುಗಳೆಂಬ ಕಣಗಳಾಗಿ. ಮಳೆಹನಿಯಂತೆ ಅಡ್ಡಾದಿಡ್ಡಿಯಾಗಿ ಬೀಳುವ ಈ ಕಣಗಳ ಎಣಿಕೆಯಲ್ಲಿ ಏರಿಳಿತ ಇದ್ದೇ ಇರುವುದು. ಸರಾಸರಿ ಎಣಿಕೆ ಎಷ್ಟೋ, ಏರಿಳಿತ ಅದರ ವರ್ಗಮೂಲದಷ್ಟು. ಒಂದು ಪುಟ್ಟ ಕೋಶಕ್ಕೆ 10,000 ಫೋಟಾನು ಬಿದ್ದರೆ ಏರಿಳಿತ 100, ಎಂದರೆ ನೂರಕ್ಕೆ ಒಂದು, ಕಣ್ಣಿಗೆ ಕಾಣದು. 100 ಮಾತ್ರ ಬಿದ್ದರೆ ಏರಿಳಿತ 10, ನೂರಕ್ಕೆ ಹತ್ತು. ಇದೇ ಆ ಹುಡಿ. ಮೊಬೈಲಿನ ಸಂವೇದಕ ಕಿರಿಯುಗುರಿನಷ್ಟು. ಅದರ ಮಸೂರವೂ ಅಷ್ಟೇ ಚಿಕ್ಕದು. ಅದು ಹಲವು ಚಿತ್ರಗಳನ್ನು ಸರಸರನೆ ತೆಗೆದು ಒಂದರ ಮೇಲೊಂದು ಕೂಡಿಸಿ ಈ ಕೊರತೆಯನ್ನು ಜಾಣತನದಿಂದ ಮರೆಮಾಚುವುದು. ನಿಶ್ಚಲವಾದ ದೇವಾಲಯಕ್ಕೆ ಈ ಉಪಾಯ ಸಾಕು. ವೇದಿಕೆಯ ಮೇಲೆ ಕುಣಿಯುವ ಯಕ್ಷಗಾನದ ವೇಷಕ್ಕೆ ಸಾಲದು. ದೊಡ್ಡ ಮಸೂರದ ಭಾರವನ್ನು ಹೆಗಲ ಮೇಲೆ ಹೊರುವವನಿಗೆ ಎಲ್ಲಿ ಬೆಲೆ ಉಳಿದಿದೆಯೆಂಬುದಕ್ಕೆ ಇದರಲ್ಲಿ ಉತ್ತರವಿದೆ. ಶಸ್ತ್ರಚಿಕಿತ್ಸೆಯ ಕೊಠಡಿ, ಕಾರ್ಖಾನೆ, ಪುರಾತತ್ತ್ವದ ಉತ್ಖನನ, ಅರಣ್ಯ, ರಾತ್ರಿಯ ರಂಗಸ್ಥಳ: ಬೆಳಕು ಎಲ್ಲಿ ತೊಡಕಿನದೋ ಅಲ್ಲಿ ತಿಳಿದವನು ಬೇಕು.

ಕಾನೂನಿನ ಒಂದು ಅಂಶವನ್ನು ಹೇಳದೆ ಬಿಡುವಂತಿಲ್ಲ; ಏಕೆಂದರೆ ದೀರ್ಘಕಾಲದ ಸಂಪಾದನೆ ಇದನ್ನು ಅವಲಂಬಿಸಿದೆ. ನಮ್ಮ 1957ರ ಕೃತಿಸ್ವಾಮ್ಯ ಶಾಸನದಂತೆ ಛಾಯಾಚಿತ್ರದ ಮೊದಲ ಒಡೆಯನು ಸಾಮಾನ್ಯವಾಗಿ ಅದನ್ನು ತೆಗೆದವನೇ. ಆದರೆ ಹಣ ಕೊಟ್ಟು ಒಬ್ಬರು ತೆಗೆಯಿಸಿದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಯಿಸಿದವರೇ ಒಡೆಯರು. 2012ರ ತಿದ್ದುಪಡಿಯಿಂದ ಛಾಯಾಚಿತ್ರದ ಸ್ವಾಮ್ಯವೂ ಇತರ ಕೃತಿಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ನಡೆಯುವುದು. ಅರ್ಧ ಪುಟದ ಒಪ್ಪಂದ ಬರೆಯಲು ಸೋಮಾರಿತನ ಮಾಡಿದವನು ಮೊಮ್ಮಕ್ಕಳ ಕಾಲದವರೆಗಿನ ಸೊತ್ತನ್ನು ಒಂದು ದಿನದ ಕೂಲಿಗೆ ಬಿಟ್ಟುಕೊಟ್ಟಂತಾಗುವುದು.

ಆ ಸೊತ್ತು ಅಷ್ಟು ಕಾಲ ಉಳಿಯಬೇಕಲ್ಲ! ಬೆಳ್ಳಿಯ ಚಿತ್ರವನ್ನು ಸ್ಥಿರಗೊಳಿಸಲು ಬಳಸುವ ಹೈಪೊ, ಎಂದರೆ ಸೋಡಿಯಂ ಥಯೊಸಲ್ಫೇಟ್, ನಮ್ಮ ರಸಾಯನ ಪ್ರಯೋಗಶಾಲೆಯಲ್ಲಿ ಅಯೊಡೀನಿನ ಅಳತೆಗೆ ಬ್ಯುರೆಟ್ಟಿನಲ್ಲಿ ತುಂಬುವ ಲವಣವೇ. ಬೆಳಕು ತಗಲದೆ ಉಳಿದ ಬೆಳ್ಳಿಯ ಲವಣವನ್ನು ಅದು ಕರಗಿಸಿ ಒಯ್ಯುವುದು. ಜಾನ್ ಹರ್ಷೆಲನು 1819ರಲ್ಲಿಯೇ ಅದರ ಈ ಗುಣವನ್ನು ಕಂಡುಕೊಂಡು, 1839ರಲ್ಲಿ ಛಾಯಾಗ್ರಹಣಕ್ಕೆ ಒದಗಿಸಿದನು. ಕೆಲಸ ಮುಗಿದ ಮೇಲೆ ಹೈಪೊವನ್ನು ನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಅದು ಮೆಲ್ಲಮೆಲ್ಲನೆ ವಿಭಜಿಸಿ, ಬೆಳ್ಳಿಯನ್ನು ಬೆಳ್ಳಿಯ ಸಲ್ಫೈಡಾಗಿ ಮಾರ್ಪಡಿಸುವುದು. ಚಿತ್ರ ಹಳದಿಯಾಗಿ ಮಾಸುವುದು. ಅಜ್ಜಂದಿರ ಕಾಲದ ಚಿತ್ರಗಳಲ್ಲಿ ಕೆಲವು ಮಾಸಿ, ಕೆಲವು ನಿನ್ನೆ ತೆಗೆದಂತಿರುವುದಕ್ಕೆ ಬಹುಮಟ್ಟಿಗೆ ಕಾರಣ ಕತ್ತಲೆ ಕೋಣೆಯ ಕೊನೆಯ ಅರ್ಧ ಗಂಟೆಯ ನೀರು. ದುಡುಕುವವನು ಆ ಅರ್ಧ ಗಂಟೆಯನ್ನು ಉಳಿಸಿಕೊಳ್ಳುತ್ತಿದ್ದನು. ಗಿರಾಕಿಗೆ ಅದು ತಿಳಿಯುತ್ತಿದ್ದುದು ಹತ್ತಾರು ವರ್ಷಗಳ ಮೇಲೆ.

ದೀನ್ ದಯಾಳರ ಸ್ಟುಡಿಯೊದ 2,857 ಗಾಜಿನ ಋಣಪ್ರತಿಗಳನ್ನು, ಅವರು ತೀರಿಕೊಂಡು 84 ವರ್ಷವಾದ ಮೇಲೆ, 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರ ಕೊಂಡುಕೊಂಡಿತು. ಇದಕ್ಕೆ ವಿರುದ್ಧವಾದುದು ಕಲ್ಕತ್ತೆಯ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೊದ ಅನುಭವ. 1863ರಷ್ಟು ಹಿಂದಿನಿಂದ ಬಂದಿದ್ದ ಆ ಸಂಸ್ಥೆಯ ಸಂಗ್ರಹ 1991ರ ಬೆಂಕಿಯಲ್ಲಿ ಬಹುಪಾಲು ಹಾಳಾಯಿತು. 2016ರಲ್ಲಿ ಸ್ಟುಡಿಯೊ ಮುಚ್ಚಿತು. ಆಡಮ್ಸ್ ಅವರೂ 1937ರಲ್ಲಿ ಕತ್ತಲೆ ಕೋಣೆಯ ಬೆಂಕಿಯಲ್ಲಿ ಎಷ್ಟೋ ಋಣಪ್ರತಿಗಳನ್ನು ಕಳೆದುಕೊಂಡಿದ್ದರು. ಇಂದಿನ ಅಂಕೀಯ ಚಿತ್ರಕ್ಕೆ ತೊಳೆಯುವ ನೀರು ಬೇಡ. ಆದರೆ ಕಾಂತೀಯ ತಟ್ಟೆ ಒಂದು ಬೆಳಿಗ್ಗೆ ತಿರುಗದೆ ನಿಂತರೆ ಹತ್ತು ವರ್ಷದ ದುಡಿಮೆ ಒಮ್ಮೆಲೇ ಹೋಗುವುದು. ಗಾಜಿನ ಫಲಕವಾದರೆ ಒಡೆದರೂ ಚೂರುಗಳಲ್ಲಿ ಚಿತ್ರವಿರುತ್ತಿದ್ದಿತು. ಆದುದರಿಂದ ಅನುಭವಿಗಳು ಪ್ರತಿಯೊಂದು ಚಿತ್ರಕ್ಕೂ ಮೂರು ಪ್ರತಿಗಳನ್ನು ಇಡುವರು: ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ ತಮ್ಮಲ್ಲಿಯೇ, ಮೂರನೆಯದು ಬೇರೊಂದು ಕಟ್ಟಡದಲ್ಲಿ, ಸಾಧ್ಯವಾದರೆ ಬೇರೊಂದು ಊರಿನಲ್ಲಿ. ಕೆಲವು ವರ್ಷಗಳಿಗೊಮ್ಮೆ ಎಲ್ಲವನ್ನೂ ಹೊಸ ಸಾಧನಕ್ಕೆ ನಕಲು ಮಾಡುವರು. ಪ್ರತಿ ಚಿತ್ರದೊಡನೆ ಸಂಖ್ಯೆ, ಸ್ಥಳ, ಚಿತ್ರದಲ್ಲಿರುವವರ ಹೆಸರು ಇವುಗಳನ್ನು ಬರೆದಿಡುವರು. ತಾರೀಕನ್ನೂ ಬರೆಯುವರು, ಚಂದ್ರನು ಎಲ್ಲ ಚಿತ್ರಗಳಲ್ಲಿಯೂ ಇರುವುದಿಲ್ಲವಷ್ಟೆ.